ಎಸ್ಪ್ರೆಸೊ ಯಂತ್ರದಲ್ಲಿ ಪುಡಿ ನೆನೆಯುವ ಹೊತ್ತು: ಎಷ್ಟು ಸೆಕೆಂಡು, ಏಕೆ?

ವಯನಾಡು, ನೀಲಗಿರಿ ಕಡೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ಫಿಲ್ಟರ್ ಕಾಫಿ, ಇಲ್ಲವೇ ಮಲಯಾಳದವರು ಹೇಳುವ ಕಟ್ಟನ್ ಕಾಪ್ಪಿ ಹಳೆಯ ರೂಢಿ. ಈಚಿನ ವರ್ಷಗಳಲ್ಲಿ ಹೋಂಸ್ಟೇಗಳಿಗೂ ಕೆಲವು ಮನೆಗಳಿಗೂ ಸಣ್ಣ ಎಸ್ಪ್ರೆಸೊ ಯಂತ್ರಗಳು ಬಂದಿವೆ. ಸಾವಿರಾರು ರೂಪಾಯಿ ಕೊಟ್ಟು ತಂದ ಯಂತ್ರದಲ್ಲಿ ತಮ್ಮದೇ ತೋಟದ ಕಾಫಿ ಹಾಕಿದರೆ ಒಂದು ದಿನ ಹುಳಿ, ಇನ್ನೊಂದು ದಿನ ಕಹಿ. ಆಗ ಮೊದಲು ಅನುಮಾನ ಬೀಳುವುದು ಬೀಜದ ಮೇಲೆ. ಎಷ್ಟೋ ಸಲ ತಪ್ಪು ಬೀಜದ್ದಲ್ಲ, ಯಂತ್ರ ಶುರುವಾದ ಮೊದಲ ಹತ್ತು ಸೆಕೆಂಡುಗಳದ್ದು. ಆ ಹೊತ್ತಿಗೆ ಯಂತ್ರದ ಕೈಪಿಡಿಗಳಲ್ಲಿ ಇರುವ ಹೆಸರು ಪ್ರಿ-ಇನ್‌ಫ್ಯೂಷನ್. ಕನ್ನಡದಲ್ಲಿ ಸರಳವಾಗಿ ಹೇಳುವುದಾದರೆ, ಒತ್ತಡ ಬೀಳುವ ಮೊದಲು ಪುಡಿಯನ್ನು ನೆನೆಸುವುದು.

ಇದಕ್ಕೆ ಎಷ್ಟು ಸೆಕೆಂಡು ಬೇಕು ಎಂಬ ಪ್ರಶ್ನೆಗೆ ಒಬ್ಬರು 3 ಎನ್ನುತ್ತಾರೆ, ಇನ್ನೊಬ್ಬರು 10 ಎನ್ನುತ್ತಾರೆ. ಇಬ್ಬರೂ ಅವರವರ ಯಂತ್ರದ ಮಟ್ಟಿಗೆ ಸರಿಯಿರಬಹುದು. ಒಬ್ಬರ ಅಂಕಿಯನ್ನು ಇನ್ನೊಬ್ಬರು ನಕಲು ಮಾಡಿದಾಗ ಕೆಡುತ್ತದೆ. ಅದು ಏಕೆ, ತಮ್ಮ ಯಂತ್ರಕ್ಕೆ ತಕ್ಕ ಹೊತ್ತನ್ನು ಕಂಡುಕೊಳ್ಳುವುದು ಹೇಗೆ ಎಂಬ ವಿವರ ಇಲ್ಲಿದೆ.

ಎಸ್ಪ್ರೆಸೊ ಎಂದರೇನು?

ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ನಿಧಾನವಾಗಿ ಇಳಿಯುತ್ತದೆ. ಎಸ್ಪ್ರೆಸೊದಲ್ಲಿ ಪಂಪ್ ನೀರನ್ನು ಒತ್ತಿ ನೂಕುತ್ತದೆ. ಆ ಒತ್ತಡ ಸುಮಾರು 9 ಬಾರ್. ಅಡುಗೆಮನೆಯ ಪ್ರೆಶರ್ ಕುಕ್ಕರ್ ಸೀಟಿ ಹಾಕುವಾಗ ಒಳಗಿರುವ ಹೆಚ್ಚುವರಿ ಒತ್ತಡ ಸುಮಾರು 1 ಬಾರ್ ಎಂಬುದನ್ನು ನೆನೆದರೆ ಇದರ ಬಿರುಸು ತಿಳಿಯುತ್ತದೆ. ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಹೇಳುವ ಅಳತೆ ಹೀಗಿದೆ: 7 ಗ್ರಾಂ ಪುಡಿ, 9 ಬಾರ್ ಒತ್ತಡ, 88 ಡಿಗ್ರಿ ಸೆಲ್ಸಿಯಸ್ ನೀರು, ಸುಮಾರು 25 ಸೆಕೆಂಡಿನಲ್ಲಿ ಸುಮಾರು 25 ಮಿಲಿ ಲೀಟರ್ ಕಾಫಿ. ಈಗ ಮನೆಗಳಲ್ಲಿ ಹೆಚ್ಚಾಗಿ ಇದರ ಎರಡರಷ್ಟಕ್ಕಿಂತಲೂ ಹೆಚ್ಚು, ಅಂದರೆ 16ರಿಂದ 18 ಗ್ರಾಂ ಪುಡಿ ಹಾಕಿ 32ರಿಂದ 36 ಗ್ರಾಂ ಕಾಫಿ ಇಳಿಸುತ್ತಾರೆ.

ಯಂತ್ರದ ಡಬ್ಬಿಯ ಮೇಲೆ 15 ಬಾರ್, 20 ಬಾರ್ ಎಂದು ಮುದ್ರಿಸಿರುವುದುಂಟು. ಅದು ಪಂಪ್ ಕೊಡಬಲ್ಲ ಗರಿಷ್ಠ ಒತ್ತಡ. ಅಷ್ಟು ಒತ್ತಡದಲ್ಲಿ ಕಾಫಿ ತಯಾರಾಗಬೇಕು ಎಂದು ಅದರ ಅರ್ಥವಲ್ಲ.

ಗದ್ದೆಯ ಬದು, ಏಡಿಯ ತೂತು

ಪಿಡಿ ಇರುವ ಪೋರ್ಟಾಫಿಲ್ಟರಿನ ಬಾಸ್ಕೆಟ್‌ಗೆ ಪುಡಿ ತುಂಬಿ, ಟ್ಯಾಂಪರಿನಿಂದ ಒತ್ತಿದಾಗ ಅದು ಗಟ್ಟಿ ಬಿಲ್ಲೆಯಂತಾಗುತ್ತದೆ. ಕಣ್ಣಿಗೆ ಸಪಾಟಾಗಿ ಕಂಡರೂ ಒಳಗೆ ಎಲ್ಲ ಕಡೆ ಒಂದೇ ಬಿಗಿ ಇರುವುದಿಲ್ಲ. ಒಂದು ಬದಿ ಸಡಿಲ, ಇನ್ನೊಂದು ಬದಿ ಬಿಗಿ, ಅಂಚಿನಲ್ಲಿ ಸಣ್ಣ ಸಂದು.

ಇಂಥ ಒಣ ಬಿಲ್ಲೆಯ ಮೇಲೆ 9 ಬಾರ್ ಒತ್ತಡದ ನೀರು ಏಕಾಏಕಿ ಬಿದ್ದರೆ ಅದು ಮೆತ್ತಗಿರುವ ಜಾಗ ಹುಡುಕಿ ಅಲ್ಲಿಂದಲೇ ನುಗ್ಗುತ್ತದೆ. ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತು ಇದ್ದರೆ ಏನಾಗುತ್ತದೆ ಎಂಬುದು ರೈತರಿಗೆ ಗೊತ್ತು. ಮೊದಲು ಬೆರಳಿನಷ್ಟಿದ್ದ ತೂತು ನೀರಿನ ಸೆಳೆತಕ್ಕೆ ದೊಡ್ಡದಾಗುತ್ತದೆ, ಗದ್ದೆಯ ನೀರೆಲ್ಲ ಅದರಲ್ಲೇ ಹೋಗುತ್ತದೆ. ಬಿಲ್ಲೆಯಲ್ಲಿಯೂ ಹಾಗೆಯೇ. ತೂತಿನ ಸುತ್ತಲಿನ ಪುಡಿಯ ಮೇಲೆ ಹೆಚ್ಚು ನೀರು ಹರಿದು ಅದರ ಕಹಿಯೆಲ್ಲ ಲೋಟಕ್ಕೆ ಬರುತ್ತದೆ. ಉಳಿದ ಪುಡಿ ಅರೆಬರೆ ನೆನೆದು ಅದರಿಂದ ಹುಳಿ ಮಾತ್ರ ಇಳಿಯುತ್ತದೆ. ಒಂದೇ ಗುಟುಕಿನಲ್ಲಿ ಹುಳಿಯೂ ಕಹಿಯೂ ಒಟ್ಟಿಗೆ ಸಿಕ್ಕಿದರೆ ನೀರು ದಾರಿ ಮಾಡಿಕೊಂಡಿದೆ ಎಂದು ಶಂಕಿಸಬಹುದು. ಯಂತ್ರದ ಭಾಷೆಯಲ್ಲಿ ಇದಕ್ಕೆ ಚಾನೆಲಿಂಗ್ ಎನ್ನುತ್ತಾರೆ.

ಕಾಫಿಪುಡಿ ನೀರು ಕುಡಿದಾಗ ಉಬ್ಬುತ್ತದೆ. ಕಡಿಮೆ ಒತ್ತಡದ ನೀರಿನಲ್ಲಿ ಮೊದಲು ನೆನೆಯಲು ಬಿಟ್ಟರೆ ಆ ಉಬ್ಬುವಿಕೆಯಿಂದ ಸಣ್ಣಪುಟ್ಟ ಸಂದುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಬೀಳುವ ಪೂರ್ಣ ಒತ್ತಡ ಇಡೀ ಬಿಲ್ಲೆಯ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ. ಪ್ರಿ-ಇನ್‌ಫ್ಯೂಷನ್‌ನ ಮುಖ್ಯ ಉದ್ದೇಶ ಇಷ್ಟೇ.

ಹಳೆಯ ಫಿಲ್ಟರ್ ಬಳಸುವ ಮನೆಗಳಲ್ಲಿ ಇದರ ಅರಿವು ಮೊದಲಿನಿಂದಲೂ ಇದೆ. ಪುಡಿಯ ಮೇಲೆ ಮೊದಲು ಸ್ವಲ್ಪ ಬಿಸಿನೀರು ಹಾಕಿ, ಅದು ನೆನೆದ ಮೇಲೆ ಉಳಿದ ನೀರು ತುಂಬುವವರು ಅನೇಕರಿದ್ದಾರೆ. ಗಟ್ಟಿ ಡಿಕಾಕ್ಷನ್ ಸಿಗಲು ಅದೊಂದು ಉಪಾಯ. ಯಂತ್ರದಲ್ಲಿ ನಡೆಯುವುದೂ ಅದೇ, ಸೆಕೆಂಡುಗಳ ಲೆಕ್ಕದಲ್ಲಿ.

ಇದು ಬಂದದ್ದು ಎಲ್ಲಿಂದ?

ಇಟಲಿಯ ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಎಸ್ಪ್ರೆಸೊ ಯಂತ್ರಕ್ಕೆ ಪೇಟೆಂಟ್ ಪಡೆದ. ಆಗಿನ ಯಂತ್ರಗಳು ಹಬೆಯ ಒತ್ತಡದಿಂದಲೇ ನಡೆಯುತ್ತಿದ್ದವು. ಅದು 1ರಿಂದ 2 ಬಾರ್ ಮೀರುತ್ತಿರಲಿಲ್ಲ. 1948ರಲ್ಲಿ ಅಕಿಲೆ ಗಾಜಿಯಾ ಸನ್ನೆ ಮತ್ತು ಸ್ಪ್ರಿಂಗ್ ಇರುವ ಯಂತ್ರ ತಂದಾಗ ಒತ್ತಡ ಏರಿತು, ಲೋಟದ ಮೇಲೆ ಕಂದು ನೊರೆ ಕಾಣಿಸಿಕೊಂಡಿತು. ಈ ಸನ್ನೆಯನ್ನು ಕೆಳಗೆ ಎಳೆದಾಗ ಬಾಯ್ಲರಿನ ನೀರು ಕಡಿಮೆ ಒತ್ತಡದಲ್ಲಿ ಪುಡಿಯ ಮೇಲೆ ಇಳಿಯುತ್ತದೆ. ಸನ್ನೆ ಬಿಟ್ಟ ಮೇಲೆಯೇ ಸ್ಪ್ರಿಂಗ್ ಜೋರಾಗಿ ಒತ್ತುತ್ತದೆ. ಹೀಗೆ ನೆನೆಸುವ ಕೆಲಸ ಆ ಯಂತ್ರದ ನಡೆಯಲ್ಲೇ ಸೇರಿಕೊಂಡಿತ್ತು.

1961ರಲ್ಲಿ ಫಾಯೆಮಾ ಕಂಪನಿಯ ಇ-61 ಯಂತ್ರ ವಿದ್ಯುತ್ ಪಂಪ್ ಬಳಸಿತು. ಕೈಶ್ರಮ ತಪ್ಪಿತು, ಆದರೆ ಒತ್ತಡ ಒಮ್ಮೆಲೇ ಬೀಳುವ ತೊಂದರೆ ಎದುರಾಯಿತು. ಅದಕ್ಕಾಗಿ ಯಂತ್ರದ ತಲೆಯೊಳಗೆ ಸ್ಪ್ರಿಂಗ್ ಇರುವ ಒಂದು ಸಣ್ಣ ಕೋಣೆ ಮಾಡಿದರು. ಆ ಕೋಣೆ ತುಂಬುವವರೆಗೆ ಪುಡಿಯ ಮೇಲೆ ಪೂರ್ಣ ಒತ್ತಡ ಬೀಳುವುದಿಲ್ಲ. ಇಂದಿಗೂ ಹಲವು ಯಂತ್ರಗಳಲ್ಲಿ ಇದೇ ಬಗೆಯ ತಲೆ ಇದೆ.

ಮನೆಯ ಯಂತ್ರಗಳಲ್ಲಿ ಇದು ಹಲವು ಬಗೆ. ಕೆಲವು ಯಂತ್ರಗಳು ಪಂಪನ್ನು ಮೊದಲು ಕಡಿಮೆ ಶಕ್ತಿಯಲ್ಲಿ ನಡೆಸಿ ಬಳಿಕ ಏರಿಸುತ್ತವೆ. ಕೆಲವು ಯಂತ್ರಗಳು ಎರಡು ಮೂರು ಸೆಕೆಂಡು ನೀರು ಬಿಟ್ಟು, ನಿಲ್ಲಿಸಿ, ಮತ್ತೆ ಶುರುಮಾಡುತ್ತವೆ. ಇನ್ನು ಕೆಲವದರಲ್ಲಿ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಮೆಲ್ಲನೆ ನೀರು ಬರುತ್ತದೆ, ಬಿಟ್ಟ ಕೂಡಲೇ ಜೋರಾಗುತ್ತದೆ. ಯಾವ ಸೌಕರ್ಯವೂ ಇಲ್ಲದ ಯಂತ್ರಗಳೂ ಇವೆ. ಮೊದಲು ತಮ್ಮದು ಯಾವ ಬಗೆ ಎಂದು ಕೈಪಿಡಿ ನೋಡಿ ತಿಳಿದುಕೊಳ್ಳಬೇಕು.

ಸೆಕೆಂಡಿಗಿಂತ ನೀರಿನ ಲೆಕ್ಕ ಮುಖ್ಯ

ಒಬ್ಬರಿಗೆ 3 ಸೆಕೆಂಡು ಸಾಕಾಗಿ ಇನ್ನೊಬ್ಬರಿಗೆ 8 ಏಕೆ ಬೇಕು ಎಂಬುದಕ್ಕೆ ಉತ್ತರ ಪಂಪಿನ ವೇಗದಲ್ಲಿದೆ. ಪುಡಿ ತನ್ನ ತೂಕದಷ್ಟು ನೀರನ್ನಾದರೂ ಹೀರಿದರೆ ಬಿಲ್ಲೆ ಹೆಚ್ಚುಕಡಿಮೆ ಪೂರ್ತಿ ಒದ್ದೆಯಾಗುತ್ತದೆ. 18 ಗ್ರಾಂ ಪುಡಿಗೆ 18 ಮಿಲಿ ಲೀಟರ್ ಎಂದಿಟ್ಟುಕೊಳ್ಳೋಣ. ಬಿಲ್ಲೆಯ ಮೇಲಿನ ಖಾಲಿ ಜಾಗ ತುಂಬಲು ಇನ್ನೊಂದು 10 ಮಿಲಿ ಲೀಟರ್ ಬೇಕಾಗಬಹುದು. ಒಟ್ಟು 28.

ಪಂಪ್ ಸೆಕೆಂಡಿಗೆ 4 ಮಿಲಿ ಲೀಟರ್ ಬಿಟ್ಟರೆ ಇದಕ್ಕೆ 7 ಸೆಕೆಂಡು. ಸೆಕೆಂಡಿಗೆ 8 ಮಿಲಿ ಲೀಟರ್ ಬಿಟ್ಟರೆ ಮೂರೂವರೆ ಸೆಕೆಂಡು. ಪುಡಿ ಒಂದೇ, ಬಾಸ್ಕೆಟ್ ಒಂದೇ, ಹೊತ್ತು ಮಾತ್ರ ಎರಡರಷ್ಟು.

ಇದನ್ನು ಮನೆಯಲ್ಲೇ ಅಳೆಯಬಹುದು. ಪೋರ್ಟಾಫಿಲ್ಟರ್ ತೆಗೆದು, ಅಗಲ ಬಾಯಿಯ ಲೋಟವೊಂದನ್ನು ಕೆಳಗಿಟ್ಟು, ನೆನೆಸುವ ಹಂತದಲ್ಲಿ 5 ಸೆಕೆಂಡು ನೀರು ಬಿಡಬೇಕು. ನೀರು ಬಿಸಿ ಇರುವುದರಿಂದ ಕೈ ದೂರವಿರಲಿ. ಬಿದ್ದ ನೀರನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಐದರಿಂದ ಭಾಗಿಸಿದರೆ ಸೆಕೆಂಡಿನ ಲೆಕ್ಕ ಸಿಗುತ್ತದೆ. ಪುಡಿ ತುಂಬಿದಾಗ ನೀರಿಗೆ ತಡೆ ಇರುವುದರಿಂದ ಇದು ಅಂದಾಜು ಮಾತ್ರ. ಆದರೂ ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ಒಳ್ಳೆಯ ದಾರಿ.

ಹಳ್ಳಿಗಳಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಂಜೆ ವೋಲ್ಟೇಜ್ ಇಳಿದಾಗ ಸಣ್ಣ ಯಂತ್ರದ ಪಂಪ್ ದುರ್ಬಲವಾಗುತ್ತದೆ, ನೀರು ಬಿಸಿಯಾಗುವುದೂ ತಡ. ಬೆಳಿಗ್ಗೆ ಸರಿಯಾಗಿದ್ದ 6 ಸೆಕೆಂಡು ಸಂಜೆಗೆ ಸಾಲದೆ ಹೋಗಬಹುದು.

ನಿಲ್ಲಿಸಬೇಕಾದ ಗಳಿಗೆ ಯಾವುದು?

ಗಡಿಯಾರಕ್ಕಿಂತ ಕಣ್ಣು ಹೆಚ್ಚು ನಂಬಿಕೆಯದು. ಬಾಸ್ಕೆಟ್‌ನ ತಳ ಪೂರ್ತಿ ಕಾಣುವಂಥ, ತಳವಿಲ್ಲದ ಪೋರ್ಟಾಫಿಲ್ಟರ್ ಇದ್ದರೆ ತುಂಬ ಅನುಕೂಲ. ನೆನೆಯುವಾಗ ತಳದ ತುಂಬ ಸಣ್ಣ ಸಣ್ಣ ಕಪ್ಪು ಹನಿಗಳು ಮೂಡುತ್ತವೆ. ತಳದ ಹೆಚ್ಚಿನ ಭಾಗದಲ್ಲಿ ಹನಿ ಕಂಡ ಕೂಡಲೇ ಪೂರ್ಣ ಒತ್ತಡಕ್ಕೆ ಹೋಗಬೇಕು. ಒಂದೇ ಮೂಲೆಯಲ್ಲಿ ಹನಿ ಬಿದ್ದು ಉಳಿದ ಕಡೆ ಒಣಗಿದ್ದರೆ ಪುಡಿ ಹರಡಿದ್ದರಲ್ಲೋ ಒತ್ತಿದ್ದರಲ್ಲೋ ದೋಷವಿದೆ. ಸಾಮಾನ್ಯ ಪೋರ್ಟಾಫಿಲ್ಟರ್ ಆದರೆ ಮೂತಿಯಿಂದ ಮೊದಲ ಹನಿ ಬಿದ್ದ ಗಳಿಗೆಯನ್ನೇ ಗುರುತಾಗಿ ಇಟ್ಟುಕೊಳ್ಳಬಹುದು.

ಈ ಗಳಿಗೆ ದಾಟಿದ ಮೇಲೂ ನೆನೆಸುತ್ತಲೇ ಇದ್ದರೆ ಲಾಭ ಕಡಿಮೆ. ಒತ್ತಡವಿಲ್ಲದೆ ಕಾಫಿ ತೊಟ್ಟಿಕ್ಕಲು ಶುರುವಾಗುತ್ತದೆ, ಬಿಲ್ಲೆಯ ತಡೆಯುವ ಶಕ್ತಿ ಕುಗ್ಗುತ್ತದೆ. ಪೂರ್ಣ ಒತ್ತಡ ಬಂದಾಗ ಕಾಫಿ ಸರ್ರನೆ ಇಳಿದು ತೆಳ್ಳಗಾಗುತ್ತದೆ. ಹೆಚ್ಚು ಹೊತ್ತು ನೆನೆಸಿದರೆ ಹೆಚ್ಚು ರುಚಿ ಎಂಬುದು ತಪ್ಪು ಕಲ್ಪನೆ. ಉದ್ದನೆಯ ನೆನೆಸುವಿಕೆ ಬೇಕೆಂದರೆ ಪುಡಿಯನ್ನೂ ಇನ್ನಷ್ಟು ನುಣ್ಣಗೆ ಬೀಸಬೇಕಾಗುತ್ತದೆ.

ಬೀಜಕ್ಕೆ ತಕ್ಕ ಹೊತ್ತು

ಹುರಿಯುವಿಕೆ: ಕಪ್ಪಾಗಿ ಹುರಿದ ಬೀಜ ಟೊಳ್ಳಾಗಿ, ಬಿರುಕು ಬಿಟ್ಟಿರುತ್ತದೆ. ನೀರು ಬೇಗ ಒಳಹೋಗುತ್ತದೆ, ಕಹಿಯೂ ಬೇಗ ಇಳಿಯುತ್ತದೆ. ಇದಕ್ಕೆ 2ರಿಂದ 4 ಸೆಕೆಂಡು ಒಳ್ಳೆಯ ಆರಂಭ. ತೆಳುಗಂದಾಗಿ ಹುರಿದ ಬೀಜ ಗಟ್ಟಿ, ಅದನ್ನು ತುಂಬ ನುಣ್ಣಗೆ ಬೀಸುವುದರಿಂದ ನೀರಿಗೆ ತಡೆಯೂ ಜಾಸ್ತಿ. ಇದಕ್ಕೆ 8ರಿಂದ 10 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ.

ತಾಜಾತನ: ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿಕೊಂಡಿರುತ್ತದೆ, ದಿನ ಕಳೆದಂತೆ ಹೊರಹೋಗುತ್ತದೆ. ಹುರಿದು ಎರಡು ಮೂರು ದಿನವೂ ಆಗದ ಪುಡಿಗೆ ಬಿಸಿನೀರು ತಾಗಿದರೆ ಈ ಅನಿಲ ನುಗ್ಗಿ ಬಂದು ನೀರಿನ ದಾರಿ ಕೆಡಿಸುತ್ತದೆ. ಸ್ವಲ್ಪ ಹೆಚ್ಚು ನೆನೆಸಿದರೆ ಅನಿಲ ಹೊರಹೋಗಲು ಸಮಯ ಸಿಗುತ್ತದೆ. ಒಂದು ವಾರ ತಡೆದು ಬಳಸುವುದು ಇನ್ನೂ ಉತ್ತಮ.

ತಳಿ: ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು, ನೊರೆ ದಟ್ಟ, ಹುಳಿ ಕಡಿಮೆ. ಕಪ್ಪಾಗಿ ಹುರಿದ ರೊಬಸ್ಟಾವನ್ನು ಹೆಚ್ಚು ನೆನೆಸಿದರೆ ಕಹಿ ಮುಂದೆ ಬರುತ್ತದೆ. ಅದಕ್ಕೆ ಹೊತ್ತು ಕಡಿಮೆಯೇ ಇರಲಿ.

ಚಿಕೋರಿ: ಫಿಲ್ಟರಿಗೆಂದು ಅಂಗಡಿಯಲ್ಲಿ ಸಿಗುವ ಚಿಕೋರಿ ಬೆರೆತ ಪುಡಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಚಿಕೋರಿ ನೀರಿನಲ್ಲಿ ಬೇಗ ಕರಗಿ ಅಂಟಾಗುತ್ತದೆ. ಈ ಯಂತ್ರಕ್ಕೆ ಶುದ್ಧ ಕಾಫಿಯೇ ಬೇಕು.

ಎಲ್ಲರಿಗೂ ಉಪಯೋಗವಿಲ್ಲ

ಕಡಿಮೆ ಬೆಲೆಯ ಯಂತ್ರಗಳ ಜೊತೆ ಎರಡು ಪದರದ ಬಾಸ್ಕೆಟ್ ಬರುತ್ತದೆ. ಒಳಗಿನ ಪದರದಲ್ಲಿ ಹಲವು ತೂತುಗಳಿದ್ದರೂ ಹೊರಗೆ ಬರಲು ಒಂದೇ ಸೂಜಿಮೊನೆಯಷ್ಟು ತೂತು. ಇಲ್ಲಿ ಒತ್ತಡ ಹುಟ್ಟುವುದು ಪುಡಿಯಿಂದಲ್ಲ, ಆ ಸಣ್ಣ ತೂತಿನಿಂದ. ಹೀಗಾಗಿ ನೆನೆಸುವ ಹೊತ್ತು ಬದಲಿಸಿದರೂ ಅಷ್ಟಾಗಿ ವ್ಯತ್ಯಾಸ ಕಾಣುವುದಿಲ್ಲ. ಇಂಥ ಬಾಸ್ಕೆಟ್ ಇದ್ದವರು ಸೆಕೆಂಡು ಎಣಿಸುತ್ತ ಪುಡಿ ಹಾಳು ಮಾಡಬೇಕಿಲ್ಲ.

ಇನ್ನೊಂದು ಎಚ್ಚರ. ಪ್ರಿ-ಇನ್‌ಫ್ಯೂಷನ್ ಇಲ್ಲದ ಯಂತ್ರದಲ್ಲಿ ಬಟನ್ ಒತ್ತಿ, ನಿಲ್ಲಿಸಿ, ಮತ್ತೆ ಒತ್ತುವ ಉಪಾಯವನ್ನು ಕೆಲವರು ಮಾಡುತ್ತಾರೆ. ಎಷ್ಟೋ ಯಂತ್ರಗಳಲ್ಲಿ ಪಂಪ್ ನಿಂತ ಕೂಡಲೇ ಒಳಗಿನ ಒತ್ತಡವನ್ನು ಕೆಳಗಿನ ತಟ್ಟೆಗೆ ಬಿಡುವ ವಾಲ್ವ್ ಇರುತ್ತದೆ. ಆಗ ಪುಡಿಯ ಮೇಲಿನ ನೀರು ವಾಪಸ್ ಎಳೆದುಕೊಳ್ಳುತ್ತದೆ, ಬಿಲ್ಲೆ ಕದಲಿ ಬಿರುಕು ಬಿಡಬಹುದು. ನಿಲ್ಲಿಸಿದ ಕೂಡಲೇ ತಟ್ಟೆಯೊಳಗೆ ಬುಸ್ ಎಂದು ನೀರು ಬಿದ್ದರೆ ಆ ಯಂತ್ರಕ್ಕೆ ಈ ಉಪಾಯ ಬೇಡ.

ಹಾಗೆಯೇ, ಮಿಕ್ಸಿಯಲ್ಲಿ ತರಿತರಿಯಾಗಿ ಬೀಸಿದ ಪುಡಿ, ಓರೆಯಾಗಿ ಒತ್ತಿದ ಬಿಲ್ಲೆ, ತಿಂಗಳುಗಟ್ಟಲೆ ಹಳೆಯದಾದ ಬೀಜ, ಇವನ್ನು ಯಾವ ನೆನೆಸುವಿಕೆಯೂ ಸರಿಮಾಡದು.

ಮನೆಯಲ್ಲೇ ಪರೀಕ್ಷೆ ಹೇಗೆ?

ಪುಡಿಯ ತೂಕ, ಬೀಸುವ ಅಳತೆ, ಲೋಟಕ್ಕೆ ಇಳಿಸುವ ಕಾಫಿಯ ತೂಕ, ಈ ಮೂರನ್ನೂ ಬದಲಿಸಬಾರದು. 18 ಗ್ರಾಂ ಪುಡಿ, 36 ಗ್ರಾಂ ಕಾಫಿ ಎಂದಿರಲಿ. ನೆನೆಸುವ ಹೊತ್ತನ್ನು ಮಾತ್ರ 2, 5, 8 ಸೆಕೆಂಡು ಎಂದು ಬದಲಿಸುತ್ತ ಮೂರು ಲೋಟ ಮಾಡಬೇಕು. ಸಕ್ಕರೆ, ಹಾಲು ಹಾಕದೆ ಬೆಚ್ಚಗಿರುವಾಗ ಸವಿದು ಬರೆದಿಟ್ಟುಕೊಳ್ಳಬೇಕು. ಮೂರನ್ನೂ ಪೂರ್ತಿ ಕುಡಿಯಬೇಕಿಲ್ಲ, ಒಂದೊಂದು ಚಮಚ ಸಾಕು.

ಬರೆಯುವಾಗ ಹೊತ್ತನ್ನು ಎರಡು ಭಾಗ ಮಾಡಿ ಬರೆಯುವುದು ಒಳ್ಳೆಯದು. ನೆನೆಸಿದ್ದು 6, ಒತ್ತಡದಲ್ಲಿ ಇಳಿದದ್ದು 25 ಎಂದಾದರೆ "6+25". ಬರೀ "31 ಸೆಕೆಂಡು" ಎಂದು ಬರೆದರೆ ಅದರಲ್ಲಿ ನೆನೆಸಿದ್ದೆಷ್ಟು ಎಂಬುದು ಮರುದಿನ ತಮಗೇ ತಿಳಿಯದು. ಕೆಲವರು ಪಂಪ್ ಶುರುವಾದಾಗಿನಿಂದ ಎಣಿಸುತ್ತಾರೆ, ಕೆಲವರು ಮೊದಲ ಹನಿಯಿಂದ ಎಣಿಸುತ್ತಾರೆ. ಸೆಕೆಂಡಿನ ಬಗ್ಗೆ ನಡೆಯುವ ಎಷ್ಟೋ ವಾದಗಳಿಗೆ ಈ ಎಣಿಕೆಯ ಭೇದವೇ ಮೂಲ.

ತಪ್ಪು ಯಂತ್ರದ್ದೋ, ಬೀಜದ್ದೋ?

ಬೆಳೆಗಾರರಿಗೆ ಈ ಪ್ರಶ್ನೆ ಬರಿಯ ರುಚಿಯದಲ್ಲ. ವಯನಾಡಿನ ರೊಬಸ್ಟಾ ಕಾಫಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕೊಡಗಿನ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೂ ಅದೇ ವರ್ಷ ಸಿಕ್ಕಿತು. ಭಾರತದ ಕಾಫಿಯನ್ನು ಅತಿ ಹೆಚ್ಚಾಗಿ ಕೊಳ್ಳುತ್ತ ಬಂದ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಲ್ಲಿ ದಟ್ಟ ನೊರೆಗಾಗಿ ರೊಬಸ್ಟಾ ಸೇರಿಸುವ ವಾಡಿಕೆ ಇದೆ. ಒಳ್ಳೆಯ ಪಾರ್ಚ್‌ಮೆಂಟ್ ರೊಬಸ್ಟಾದಿಂದ ತಯಾರಾಗುವ "ಕಾಪಿ ರಾಯಲ್" ಎಂಬ ದರ್ಜೆಗೆ ಒಂದು ಕನ್ನಡ-ತಮಿಳು-ಮಲಯಾಳ ಕಿವಿಗೆಲ್ಲ ಪರಿಚಿತವಾದ ಹೆಸರೇ ಇದೆ. ಇಂಥ ಬೀಜವನ್ನು ಬೆಳೆದವರು ತಮ್ಮ ಮನೆಯ ಯಂತ್ರದ ಒಂದು ಕೆಟ್ಟ ಲೋಟ ನೋಡಿ ಹಣ್ಣು ಕೊಯ್ದದ್ದರಲ್ಲೋ ಒಣಗಿಸಿದ್ದರಲ್ಲೋ ತಪ್ಪಾಯಿತು ಎಂದುಕೊಳ್ಳುವ ಮೊದಲು ಒಂದು ಸರಳ ಪರೀಕ್ಷೆ ಮಾಡಬಹುದು.

ಕಾಫಿ ವ್ಯಾಪಾರದಲ್ಲಿ ರುಚಿ ನೋಡುವವರು ಎಸ್ಪ್ರೆಸೊ ಯಂತ್ರ ಬಳಸದೆ ಬೀಜ ಅಳೆಯುವ ಪದ್ಧತಿ ಇದೆ. ಅದರಲ್ಲಿ 150 ಮಿಲಿ ಲೀಟರ್ ನೀರಿಗೆ 8.25 ಗ್ರಾಂ ಪುಡಿ. ಮನೆಯ 200 ಮಿಲಿ ಲೀಟರ್ ಲೋಟಕ್ಕೆ 11 ಗ್ರಾಂ ತರಿಪುಡಿ ಹಾಕಿ, ಕುದಿ ಇಳಿದ ಬಿಸಿನೀರು ತುಂಬಿ 4 ನಿಮಿಷ ಬಿಡಬೇಕು. ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಕದಡಿ, ನೊರೆ ತೆಗೆದು, ಉಗುರುಬೆಚ್ಚಗಾದ ಮೇಲೆ ಸವಿಯಬೇಕು. ಇಲ್ಲಿ ಪುಡಿಯೆಲ್ಲ ಒಂದೇ ಸಮನೆ ನೆನೆಯುವುದರಿಂದ ನೀರು ಕಳ್ಳದಾರಿ ಹಿಡಿಯುವ ಮಾತೇ ಇಲ್ಲ.

ಈ ಲೋಟದಲ್ಲೂ ಹಳಸಲು, ಮಣ್ಣು ಅಥವಾ ಬೂಷ್ಟಿನ ವಾಸನೆ ಬಂದರೆ ಬೀಜವನ್ನೋ ಹುರಿದದ್ದನ್ನೋ ವಿಚಾರಿಸಬೇಕು. ಇಲ್ಲಿ ಚೆನ್ನಾಗಿದ್ದು ಯಂತ್ರದಲ್ಲಿ ಮಾತ್ರ ಕೆಟ್ಟರೆ ಬೀಜಕ್ಕೆ ದೂರು ಬೇಡ. ಪುಡಿಯ ಅಳತೆ, ಒತ್ತಿದ ರೀತಿ, ನೆನೆಸಿದ ಹೊತ್ತು ಇವನ್ನು ಒಂದೊಂದಾಗಿ ನೋಡಬೇಕು.

ನೆನಪಿಡಬೇಕಾದವು

* ಮೊದಲ ಸಲಕ್ಕೆ 5 ಸೆಕೆಂಡಿನಿಂದ ಶುರುಮಾಡಿ, ಮೊದಲ ಹನಿ ನೋಡಿ ಏರಿಸಬೇಕು ಅಥವಾ ಇಳಿಸಬೇಕು.
* ಕಪ್ಪಾಗಿ ಹುರಿದದ್ದಕ್ಕೆ ಕಡಿಮೆ, ತೆಳುವಾಗಿ ಹುರಿದದ್ದಕ್ಕೆ ಮತ್ತು ತೀರಾ ತಾಜಾ ಪುಡಿಗೆ ಹೆಚ್ಚು.
* ಹುಳಿ, ಕಹಿ ಎರಡೂ ಒಟ್ಟಿಗೆ ಬಂದರೆ ಮೊದಲು ಪುಡಿ ಹರಡುವುದನ್ನೂ ಒತ್ತುವುದನ್ನೂ ಸರಿಮಾಡಿ, ಬಳಿಕ ನೆನೆಸುವ ಹೊತ್ತು ನೋಡಬೇಕು.
* ಕಾಫಿ ತೆಳ್ಳಗೆ ಬೇಗ ಇಳಿದರೆ ನೆನೆಸುವುದು ಹೆಚ್ಚಾಗಿದೆ ಅಥವಾ ಪುಡಿ ದಪ್ಪವಾಗಿದೆ.
* ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, "6+25" ಎಂಬಂತೆ ಬರೆದಿಡಬೇಕು.
* ಎರಡು ಪದರದ ಬಾಸ್ಕೆಟ್ ಇದ್ದರೆ ಈ ಲೆಕ್ಕ ಅಷ್ಟಾಗಿ ಅನ್ವಯಿಸದು.

ವರ್ಷವಿಡೀ ಗಿಡ ನೋಡಿಕೊಂಡು, ಹಣ್ಣು ಕೊಯ್ದು, ಕಣದಲ್ಲಿ ವಾರಗಟ್ಟಲೆ ಒಣಗಿಸಿ ಕಾಪಾಡಿದ ಬೆಳೆಯ ರುಚಿ ಕೊನೆಗೆ ತೀರ್ಮಾನವಾಗುವುದು ಒಂದು ಲೋಟದಲ್ಲಿ. ಪುಡಿ ಪೂರ್ತಿ ನೆನೆಯಲು ಐದಾರು ಸೆಕೆಂಡು ಬಿಟ್ಟುಕೊಟ್ಟರೆ ಆ ತೀರ್ಮಾನ ಬೀಜದ ಮಟ್ಟಿಗಾದರೂ ನ್ಯಾಯವಾಗಿರುತ್ತದೆ.